ಕೈಗುಣದ ಪವನು

ವಾಸ್ಡೇಲ್ ಹೆಡ್
೧೨ ಅಕ್ಟೋಬರ್ ೧೯೩೧

ಪ್ರಿಯ ಜೋನಸ್,

ಫೆಬ್ರವರಿಯಲ್ಲಿ ನನ್ನ ಗಂಡ ನೇಥನ್ ತೀರಿಕೊಂಡಾಗ ನೀವು ಹಿಮದಲ್ಲಿ ಬೆಟ್ಟ ದಾಟಿ ಬಂದು, ಮಣ್ಣು ಮಾಡುವ ತನಕ ಇದ್ದು, ನಮ್ಮ ಕುರಿಗಳಿಗೆ ಹುಲ್ಲು ಹಾಕಿ ಹೋದಿರಿ. ಆಗ ನನ್ನ ಬಾಯಿಂದ ಒಂದು ಒಳ್ಳೆಯ ಮಾತೂ ಬರಲಿಲ್ಲ. ತಡವಾದರೂ ಈಗ ಹೇಳುತ್ತಿದ್ದೇನೆ, ದೊಡ್ಡ ಉಪಕಾರವಾಯಿತು.

ಈ ವಿಷಯ ಬೇರೆಯವರಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಬರುವ ವಸಂತಕ್ಕೆ ಈ ಜಮೀನು ಬಿಟ್ಟು ವೈಟ್‌ಹೇವನ್‌ನಲ್ಲಿರುವ ತಂಗಿ ಎಸ್ತರ್ ಮನೆಗೆ ಹೋಗಬೇಕೆಂದಿದ್ದೇನೆ. ಮೇಲಿನ ಕೋಣೆ ಖಾಲಿ ಇದೆಯಂತೆ, ಕಿಟಕಿಯಿಂದ ಹಡಗುಗಳು ಕಾಣುತ್ತವಂತೆ. ಜಮೀನಿನ ಧಣಿಗಳ ಏಜೆಂಟರು ಮೊನ್ನೆ ಬಂದು ಚಹಾ ಕುಡಿದು, ಕಪ್ಪು ಕೆಳಗಿಡುತ್ತಾ, "ಒಬ್ಬ ಹೆಂಗಸು ಈ ಬೆಟ್ಟದಲ್ಲಿ ಹಿಂಡು ಹಿಡ್ಕೊಂಡು ನಿಲ್ಲೋಕಾಗುತ್ತಾ, ಮಿಸೆಸ್ ಗಿಲ್ಪಿನ್?" ಎಂದರು. ಹೋಗಲು ಮನಸ್ಸಿಲ್ಲ, ಇರಲು ಧೈರ್ಯವಿಲ್ಲ. ನನ್ನ ಸ್ಥಿತಿ ಅಷ್ಟೇ.

ಹೋಗುವ ಮೊದಲು ನಿಮ್ಮ ಮತ್ತು ನೇಥನ್‌ನ ಆ ಚಿನ್ನದ ಪವನು ತಲುಪಿಸಬೇಕು. ಹೋದ ವರ್ಷ ನಿಮ್ಮಿಂದ ಟಗರು ಕೊಂಡವನು ನೇಥನ್, ಆದ್ದರಿಂದ ಅದು ಈ ಮನೆಯಲ್ಲೇ ಇದೆ. ಎಲ್ಲಿಟ್ಟಿದ್ದಾನೆಂದು ಮಾತ್ರ ನನಗೆ ಹೇಳಿಲ್ಲ. ಸಿಕ್ಕಿದ ಕೂಡಲೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತೇನೆ. ಹೋದ ತಿಂಗಳು ಸರ್ಕಾರ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದ ಮೇಲೆ ಒಂದು ಪವನಿಗೆ ಇಪ್ಪತ್ತೈದು ಷಿಲಿಂಗು ಕೊಡುತ್ತಿದ್ದಾರೆ ಎಂದು ಎಸ್ತರಳ ಗಂಡ ಸೆಪ್ಟಿಮಸ್ ಬರೆದಿದ್ದಾನೆ. ಇಪ್ಪತ್ತರ ನಾಣ್ಯಕ್ಕೆ ಇಪ್ಪತ್ತೈದು! ಅವನಿಗೆ ನಿದ್ದೆ ಬರುತ್ತಿಲ್ಲ.

ನಿಮ್ಮ
ಡೈನಾ ಗಿಲ್ಪಿನ್


ಸೀತ್‌ವೇಟ್, ಬಾರೋಡೇಲ್
೧೭ ಅಕ್ಟೋಬರ್

ಪ್ರಿಯ ಡೈನಾ,

ಅಂಚೆಯಲ್ಲಿ ಕಳಿಸುವ ಮಾತು ಬೇಡ. ಕೈಗುಣದ ಕಾಸು ಅಂಚೆಯಲ್ಲಿ ಬಂದರೆ ಗುಣವೆಲ್ಲ ಅಂಚೆಯವನಿಗೆ ಹೋಗುತ್ತದೆ. ಅವನ ಬಳಿ ಕುರಿಯೂ ಇಲ್ಲ, ಅದನ್ನಿಟ್ಟುಕೊಂಡು ಅವನೇನು ಮಾಡುತ್ತಾನೆ?

ಈ ನಾಣ್ಯದ ಕಥೆ ನಿಮಗೆ ನೇಥನ್ ಪೂರ್ತಿ ಹೇಳಿರಲಿಕ್ಕಿಲ್ಲ, ಅದರಲ್ಲಿ ಅವನ ಮರ್ಯಾದೆಯ ಪ್ರಶ್ನೆಯಿತ್ತು. ಮುದುಕಿ ರಾಣಿ ಇನ್ನೂ ಬದುಕಿದ್ದ ಕಾಲ, ಮೂವತ್ತು ವರ್ಷವೇ ಆಗಿಹೋಯಿತು. ಕೆಸ್ವಿಕ್ ಪೇಟೆಯಲ್ಲಿ ಅವನು ನನಗೆ ಮೊದಲ ಸಲ ಟಗರು ಮಾರಿದ. ಕೈಗೆ ಕೈ ತಟ್ಟಿದ್ದಾಯಿತು. ಕೈಗುಣ ಹತ್ತಲಿ ಎಂದು ಮಾರಿದವನು ಕೊಂಡವನಿಗೆ ಒಂದು ಕಾಸು ಉಗುಳು ಮುಟ್ಟಿಸಿ ವಾಪಸ್ಸು ಕೊಡಬೇಕಲ್ಲ, ಎಲ್ಲರೂ ಕೊಡುವುದು ಒಂದು ಷಿಲಿಂಗು. ಅವತ್ತು ಇಬ್ಬರೂ ಚೆನ್ನಾಗಿ ಕುಡಿದಿದ್ದೆವು. ನಾಲ್ಕು ಜನ ನೋಡುತ್ತಿದ್ದಾರೆಂದು ಜಂಬದಲ್ಲಿ ಅವನು ಇಡೀ ಪವನೇ ಕೊಟ್ಟುಬಿಟ್ಟ. ಟಗರಿನ ಬೆಲೆಯೇ ಮೂರು ಗಿನಿ, ಅದರ ಮೂರನೇ ಒಂದು ಪಾಲು ಆ ಕಾಸಿಗೇ ಹೋಯಿತು. ಮಾರನೇ ದಿನ ನಶೆ ಇಳಿದಾಗ ಅವನ ಮುಖ ನೋಡಬೇಕಿತ್ತು. ಅವನಪ್ಪ ಕ್ರಿಸ್ಮಸ್ ತನಕ ಮಾತು ಬಿಟ್ಟಿದ್ದರು.

ಮುಂದಿನ ವರ್ಷ ನಾನು ಅವನಿಗೆ ಟಗರು ಮಾರಿದೆ. ಷಿಲಿಂಗು ಕೊಟ್ಟರೆ ನನ್ನ ಮಾನ ಹೋಗುತ್ತದೆ, ಅದಕ್ಕೆ ಅದೇ ಪವನು ವಾಪಸ್ಸು ಕೊಟ್ಟೆ. ಅಲ್ಲಿಂದ ಶುರುವಾಗಿದ್ದು ಇನ್ನೂ ನಿಂತಿಲ್ಲ. ಒಂದು ವರ್ಷ ಅವನ ಟಗರು ಇಲ್ಲಿಗೆ, ಮರು ವರ್ಷ ನನ್ನದು ಅಲ್ಲಿಗೆ, ನಾಣ್ಯ ಜೊತೆಗೆ. ಯುದ್ಧದ ಕಾಲದಲ್ಲಿ ಪಾದ್ರಿಗಳು ಮನೆಮನೆಗೆ ಬಂದು "ಚಿನ್ನ ಇದ್ರೆ ದೇಶಕ್ಕೆ ಕೊಟ್ಟು ನೋಟು ತಗೊಳ್ಳಿ" ಎಂದಾಗ ನಾನು, "ಒಂದಿದೆ ಸ್ವಾಮಿ, ಆದ್ರೆ ಅದು ಗಿಲ್ಪಿನ್‌ದು" ಎಂದೆ. ಅವರು ಬೆಟ್ಟ ದಾಟಿ ನಿಮ್ಮಲ್ಲಿಗೆ ಬಂದರೆ ನೇಥನ್, "ಅದಾ? ಅದು ರೆಲ್ಫ್‌ದು" ಎಂದನಂತೆ. ಇಬ್ಬರೂ ಸುಳ್ಳು ಹೇಳಲಿಲ್ಲ.

ಹಾಗಾಗಿ ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ, ಸೆಪ್ಟಿಮಸ್‌ನದಂತೂ ಅಲ್ಲವೇ ಅಲ್ಲ. ಈ ವರ್ಷ ಮಾರುವ ಸರದಿ ನಿಮ್ಮದು. ನವೆಂಬರ್ ಮಧ್ಯದೊಳಗೆ ನನ್ನ ಹಿಂಡಿಗೆ ಹೊಸ ಟಗರು ಬೇಕು. ಟಗರು ಬರಲಿ, ನಾಣ್ಯ ಅದರ ಹಿಂದೆ ಬರುತ್ತದೆ. ವೈಟ್‌ಹೇವನ್ ಮಾತು ಆಮೇಲೆ ಆಡೋಣ.

ನಿಮ್ಮ ಹಿತೈಷಿ
ಜೋನಸ್ ರೆಲ್ಫ್


ವಾಸ್ಡೇಲ್ ಹೆಡ್
೨೬ ಅಕ್ಟೋಬರ್

ಪ್ರಿಯ ಜೋನಸ್,

ಸಿಕ್ಕಲಿಲ್ಲ. ಗಡಿಯಾರದ ಹೊಟ್ಟೆ ನೋಡಿದೆ, ಹಿಟ್ಟಿನ ಡಬ್ಬ ಬರಿದು ಮಾಡಿದೆ, ಹಾಸಿಗೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿದೆ. ನೇಥನ್‌ನ ಭಾನುವಾರದ ಬೂಟಿನೊಳಗೂ ಕೈ ಹಾಕಿದೆ. ಬೂಟು ಹಾಗೇ ಎದೆಗವಚಿಕೊಂಡು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಎದ್ದು ಹಿಟ್ಟು ಜರಡಿ ಹಿಡಿದೆ.

ಭಾನುವಾರ ಸೆಪ್ಟಿಮಸ್ ಬಂದಿದ್ದ, ಕಂಕುಳಲ್ಲಿ ಪತ್ರಿಕೆ, ಕೈಯಲ್ಲಿ ಕಬ್ಬಿಣದ ಸಲಾಕೆ. ಒಲೆಯ ಮುಂದಿನ ಚಪ್ಪಡಿ ಎಬ್ಬಿಸಬೇಕಂತೆ. ಬಂದರಿನ ಕಚೇರಿಯಲ್ಲಿ ಕೂತು ಬೆರಳು ಮೆತ್ತಗಾದವನು ಚಪ್ಪಡಿ ಎಬ್ಬಿಸಲು ಹೋಗಿ ಬೆರಳು ಜಜ್ಜಿಕೊಂಡ. ಬಟ್ಟೆ ಕಟ್ಟಿ ಕೂರಿಸಿದೆ. ಕೂತಲ್ಲೇ ಪತ್ರಿಕೆ ಬಿಡಿಸಿ ನನಗೆ ಚಿನ್ನದ ಪಾಠ ಮಾಡಿದ.

"ಹಿಂದೆ ಪವನೇ ಇರ್ಲಿಲ್ಲ ಡೈನಾ, ಗಿನಿ ಇತ್ತು. ಆಫ್ರಿಕಾದ ಗಿನಿ ತೀರದಿಂದ ಚಿನ್ನ ತಂದು ಹೊಡೆದದ್ದು, ಅದಕ್ಕೇ ಆ ಹೆಸರು. ಮೊದಮೊದಲು ಕೆಲವು ನಾಣ್ಯದಲ್ಲಿ ರಾಜನ ಕತ್ತಿನ ಕೆಳಗೆ ಆನೆ ಇರ್ತಿತ್ತಂತೆ. ಅದರ ಬೆಲೆ ಏರಿ ಇಳಿದು ಕೊನೆಗೆ ಇಪ್ಪತ್ತೊಂದು ಷಿಲಿಂಗಿಗೆ ನಿಂತಿತು. ನೆಪೋಲಿಯನ್ ಸೋತ ಮೇಲೆ ಲೆಕ್ಕ ಸುಲಭವಾಗ್ಲಿ ಅಂತ ಇಪ್ಪತ್ತರ ಪವನು ಹೊಡೆದ್ರು."

"ಗಿನಿ ಹೋಗಿ ನೂರು ವರ್ಷವಾಯ್ತು ಅನ್ನು," ಎಂದೆ.

"ಆಯ್ತು."

"ಮತ್ತೆ ಪೇಟೆಯಲ್ಲಿ ಟಗರಿಗೆ ಇನ್ನೂ ಗಿನಿ ಲೆಕ್ಕದಲ್ಲೇ ಕೂಗ್ತಾರಲ್ಲ?"

ಸೆಪ್ಟಿಮಸ್ ಪತ್ರಿಕೆ ಮಡಿಸಿ, "ಕುರಿ ಕಾಯೋರಿಗೆ ಯಾರು ಬುದ್ಧಿ ಹೇಳ್ತಾರೆ?" ಎಂದ. ಸಂಜೆ ಮೊಟ್ಟೆ, ಬೆಣ್ಣೆ ಎಲ್ಲ ಕಟ್ಟಿಸಿಕೊಂಡು ಹೋದ. ಸಲಾಕೆ ಇಲ್ಲೇ ಬಿಟ್ಟಿದ್ದಾನೆ, ಮತ್ತೆ ಬರುವ ಆಲೋಚನೆಯಿರಬೇಕು.

ಟಗರಿನ ವಿಷಯ ನನ್ನಿಂದಾಗದು ಜೋನಸ್. ಬಿಷಪ್ ಎಂದು ನೇಥನ್ ಕರೆಯುತ್ತಿದ್ದ ಆ ಮರಿ ಈಗ ದೊಡ್ಡದಾಗಿದೆ, ಗಂಭೀರವಾಗಿ ನಿಂತು ಎಲ್ಲರನ್ನೂ ಪಾಪಿಗಳ ಹಾಗೆ ನೋಡುತ್ತದೆ. ನೀವೇ ಬಂದು ಹಿಡಿದುಕೊಂಡು ಹೋಗಿ, ಕೊಡುವಷ್ಟು ಕೊಡಿ. ನಾನು ಯಾವತ್ತೂ ಪ್ರಾಣಿ ಮಾರಿದವಳಲ್ಲ. ಹೆಂಗಸಿನ ಕೈಗೆ ಕೈ ತಟ್ಟಿ ಟಗರು ಕೊಳ್ಳುವುದನ್ನು ಈ ಕಣಿವೆಯಲ್ಲಿ ಯಾರೂ ಕಂಡಿಲ್ಲ.

ಡೈನಾ


ಸೀತ್‌ವೇಟ್
೩೧ ಅಕ್ಟೋಬರ್

ಪ್ರಿಯ ಡೈನಾ,

ನಾನು ಬರುವುದಿಲ್ಲ. ಮಾರುವವರು ತಂದು ತೋರಿಸುವುದು ಪದ್ಧತಿ, ಮೂವತ್ತು ವರ್ಷದಿಂದ ಹಾಗೇ ನಡೆದಿದೆ. ನನ್ನ ಮೊಣಕಾಲು ಬೇರೆ ಮುನಿಸಿಕೊಂಡಿದೆ.

ಇನ್ನೊಂದು ಮಾತು. ಟಗರನ್ನು ಹಾಗೇ ಹೊಡೆದುಕೊಂಡು ಬರಬೇಡಿ. ಬೆನ್ನಿಗೆ ಕೆಮ್ಮಣ್ಣು ಹಚ್ಚಿ, ಮುಖ ತೊಳೆದು, ಕೊಂಬು ಒರೆಸಿ ತನ್ನಿ. ಮುದುಕ ನಿದ್ದೆಯಿಂದೆದ್ದು ಬಾಗಿಲಿಗೆ ಬಂದ ಹಾಗಿರುವ ಟಗರನ್ನು ಜೋನಸ್ ರೆಲ್ಫ್ ಕೊಂಡ ಎಂದು ಬಾರೋಡೇಲ್‌ನಲ್ಲಿ ಯಾರೂ ಆಡಿಕೊಳ್ಳಬಾರದು. ಅಂಗಡಿಯಿಂದ ಹೊಸ ಬಣ್ಣ ತರುವ ಖರ್ಚು ಬೇಡ. ನೇಥನ್ ಕೊಬ್ಬು ಹಾಕಿ ಕಲಸಿಟ್ಟದ್ದು ಕೊಟ್ಟಿಗೆಯಲ್ಲಿ ಇದ್ದೇ ಇರುತ್ತದೆ, ಅವನ ಹದ ಯಾರಿಗೂ ಬರುವುದಿಲ್ಲ. ವರ್ಷವಾದ್ದರಿಂದ ಗಟ್ಟಿಯಾಗಿರುತ್ತದೆ. ಬೆಂಕಿಯ ಪಕ್ಕ ಇಟ್ಟು ಮೆತ್ತಗೆ ಮಾಡಿ, ತಳದವರೆಗೂ ಕಲಕಿ. ಮೇಲೆಮೇಲೆ ಹಚ್ಚಿದರೆ ಬಣ್ಣ ನಿಲ್ಲುವುದಿಲ್ಲ.

ಬೆಲೆಯ ಮಾತು ಕೈ ತಟ್ಟುವಾಗ. ಕೊಡುವಷ್ಟು ಕೊಡಿ ಎಂದು ಇನ್ನೊಮ್ಮೆ ಯಾರಿಗೂ ಬರೆಯಬೇಡಿ, ಕಾಗದ ಬೇರೆಯವರ ಕೈಗೆ ಸಿಕ್ಕಿದರೆ ನಿಮ್ಮ ಗತಿ ಏನು?

ಜೋನಸ್


ವಾಸ್ಡೇಲ್ ಹೆಡ್
೯ ನವೆಂಬರ್

ಜೋನಸ್ ರೆಲ್ಫ್ ಅವರಿಗೆ,

ನಿಮ್ಮ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ಗಂಡ ಸತ್ತವಳಿಗೆ ಟಗರಿನ ಶೃಂಗಾರ ಮಾಡಲು ಹೇಳುತ್ತೀರಿ, ಮೊಣಕಾಲಿನ ನೆಪ ಬೇರೆ. ಅದೇ ಮೊಣಕಾಲಿನಲ್ಲಿ ಹೋದ ಶನಿವಾರ ನೀವು ನರಿ ಬೇಟೆಗೆ ಹೋಗಿದ್ದು ಇಲ್ಲಿಯವರೆಗೂ ಸುದ್ದಿಯಾಗಿದೆ. ಎರಡು ದಿನ ಬೈದುಕೊಂಡು ಓಡಾಡಿದೆ. ಮೂರನೇ ದಿನ, ಇವರಿಗೆ ತೋರಿಸಿಯೇ ಬಿಡುತ್ತೇನೆ ಎಂದು ಕೊಟ್ಟಿಗೆಗೆ ಹೋಗಿ ಕೆಮ್ಮಣ್ಣಿನ ಡಬ್ಬ ತಂದೆ.

ಕಲ್ಲಿನ ಹಾಗಿತ್ತು. ಬೆಂಕಿಯ ಪಕ್ಕ ಇಟ್ಟು ಬ್ರೆಡ್ಡು ಸುಟ್ಟುಕೊಂಡು ತಿಂದೆ. ಮೆತ್ತಗಾಗುತ್ತಾ ಬಂದ ಹಾಗೆ ಮನೆಯೆಲ್ಲ ನೇಥನ್‌ನ ವಾಸನೆ. ಪ್ರತಿ ಅಕ್ಟೋಬರಿನಲ್ಲೂ ಅವನ ಕೈಯಿಂದ ಬರುತ್ತಿದ್ದ ವಾಸನೆ ಅದು, ಮೇಜುಬಟ್ಟೆಗೆ ಕೆಂಪು ಹತ್ತಿಸಿದನೆಂದು ನಾನು ಜಗಳ ತೆಗೆಯುತ್ತಿದ್ದೆ. ಈಗ ಯಾವ ಬಟ್ಟೆಗೆ ಬೇಕಾದರೂ ಹತ್ತಿಸಲಿ ಅನ್ನಿಸಿತು.

ಸೆಪ್ಟಿಮಸ್ ಬಿಟ್ಟುಹೋದ ಸಲಾಕೆಯಿಂದಲೇ ಕಲಕಿದೆ. ತಳದಲ್ಲಿ ಏನೋ ತಗುಲಿತು. ತೋಳು ಮೇಲೇರಿಸಿ ಕೈ ಹಾಕಿದೆ, ಎಣ್ಣೆಬಟ್ಟೆಯ ಸಣ್ಣ ಗಂಟು. ಬಿಚ್ಚಿದರೆ ಪವನು, ಅದರ ಮೇಲೆ ಅಂಚಿಗೆಲ್ಲ ಕೆಂಪು ಮೆತ್ತಿಕೊಂಡು ರಾಣಿ ಕೂತಿದ್ದಳು. ಎಷ್ಟು ಚಿಕ್ಕ ವಯಸ್ಸಿನ ಮುಖ! ಕೂದಲಿಗೆ ರಿಬ್ಬನ್ ಕಟ್ಟಿಕೊಂಡಿದ್ದಾಳೆ. ಮುದುಕಿ ರಾಣಿಯನ್ನೇ ನಾನು ಚಿತ್ರಗಳಲ್ಲಿ ನೋಡಿದ್ದೆ. ಒಬ್ಬಳೇ ಜೋರಾಗಿ ನಕ್ಕೆ. ಈ ಅಡುಗೆಮನೆಯಲ್ಲಿ ಫೆಬ್ರವರಿಯಿಂದ ಯಾರೂ ನಕ್ಕಿರಲಿಲ್ಲ.

ಬಿಷಪ್‌ಗೆ ಬಣ್ಣ ಹಚ್ಚಿದ್ದಾಯಿತು. ಎರಡು ಸಲ ನನ್ನನ್ನು ಗೋಡೆಗೆ ಒತ್ತಿದ, ಮೂರನೇ ಸಲ ನಾನೇ ಅವನನ್ನು ಒತ್ತಿದೆ. ಈಗ ಕೆಂಪು ನಿಲುವಂಗಿಯ ಕಾರ್ಡಿನಲ್ ಆಗಿದ್ದಾನೆ. ಗುರುವಾರ ಮಳೆ ಬಿಟ್ಟರೆ ಸ್ಟೈ ಹೆಡ್ ಬೆಟ್ಟದ ದಾರಿ ಹತ್ತಿ ಬರುತ್ತೇವೆ. ಕೆಟಲ್ ಒಲೆಯ ಮೇಲಿರಲಿ. ಐದು ಗಿನಿಗೆ ಒಂದು ಪೆನ್ನಿ ಕಡಿಮೆಯಾದರೂ ಕೊಡುವುದಿಲ್ಲ, ಈಗಲೇ ಹೇಳಿದ್ದೇನೆ.

ಮಿಸೆಸ್ ಗಿಲ್ಪಿನ್


ಸೀತ್‌ವೇಟ್
೨೩ ನವೆಂಬರ್

ಪ್ರಿಯ ಡೈನಾ,

ಬಿಷಪ್ ಕ್ಷೇಮ. ಬಂದ ದಿನವೇ ಗೇಟಿನ ಒಂದು ಹಲಗೆ ಮುರಿದ, ಈಗ ಹೆಂಗಸರ ನಡುವೆ ಸಭ್ಯನಾಗಿದ್ದಾನೆ.

ನಾಲ್ಕೂವರೆ ಗಿನಿ ಕೊಟ್ಟೆನೆಂದು ನೆರೆಯವರು ಇನ್ನೂ ನಗುತ್ತಿದ್ದಾರೆ. ಕುರಿಯ ಬೆಲೆ ನೆಲಕ್ಕಿಳಿದ ವರ್ಷ! ನೀವು ನನ್ನ ಅಂಗಳದಲ್ಲಿ ನಿಂತು, "ಬೇಡ ಅಂದ್ರೆ ಬಿಡಿ, ಬಂದ ದಾರಿ ನಮಗೆ ಗೊತ್ತಿದೆ" ಎಂದು ಟಗರಿನ ಕೊಂಬು ಹಿಡಿದು ತಿರುಗಿಸಿದಾಗ ನಾನೇ ಓಡಿಬಂದು ಕೈ ಚಾಚಿಬಿಟ್ಟೆ. ಪ್ರಾಣಿ ಮಾರಿ ಗೊತ್ತಿಲ್ಲವೆಂದು ಬರೆದವರು ನೀವೇ ತಾನೆ? ಕೈ ತಟ್ಟಿದ್ದು ಇನ್ನೂ ಉರಿಯುತ್ತಿದೆ.

ಮೊನ್ನೆ ಕೆಸ್ವಿಕ್‌ಗೆ ಹೋಗಿದ್ದೆ. ಮ್ಯಾಂಚೆಸ್ಟರಿನಿಂದ ಬಂದ ಒಬ್ಬ ಮನುಷ್ಯ ಹೋಟೆಲಿನ ಕೋಣೆಯಲ್ಲಿ ತಕ್ಕಡಿ ಇಟ್ಟುಕೊಂಡು ಹಳೆ ಚಿನ್ನ ಕೊಳ್ಳುತ್ತಿದ್ದಾನೆ. ಜನ ಮೆಟ್ಟಿಲ ತನಕ ನಿಂತಿದ್ದರು, ಮದುವೆಯುಂಗುರ, ಗಡಿಯಾರದ ಸರಪಳಿ, ಸತ್ತ ಅಜ್ಜಂದಿರ ಚಿನ್ನದ ಹಲ್ಲು. ಮಾರಲಿಕ್ಕಲ್ಲ, ಸುಮ್ಮನೆ ತಿಳಿಯೋಣವೆಂದು ನಾನೂ ಸಾಲಿನಲ್ಲಿ ನಿಂತೆ. ಅವನು ನಮ್ಮ ನಾಣ್ಯವನ್ನು ಮೇಜಿನ ಮೇಲೆ ಒಮ್ಮೆ ಕುಟ್ಟಿ ಸದ್ದು ಕೇಳಿದ, ತೂಗಿದ, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ತಿರುಗಿಸಿ ನೋಡಿದ.

"ಸಾವಿರದ ಎಂಟುನೂರ ಎಪ್ಪತ್ತೇಳು. ಹಿಂಬದಿಯ ಗುರಾಣಿಯ ಬುಡದಲ್ಲಿ ಈ ಸಣ್ಣ ಅಕ್ಷರ ಇದೆಯಲ್ಲ, ಇದು ಸಿಡ್ನಿ ಟಂಕಸಾಲೆಯ ಗುರುತು. ಆಸ್ಟ್ರೇಲಿಯಾದ ಚಿನ್ನ," ಎಂದ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಐವತ್ತು ವರ್ಷದ ನಾಣ್ಯ, ಒಂಚೂರೂ ಸವೆದಿಲ್ಲ. ಎಲ್ಲೂ ಓಡಾಡಿಲ್ಲ ಅನ್ಸುತ್ತೆ," ಎಂದ.

"ವರ್ಷಕ್ಕೊಂದ್ಸಲ ಬೆಟ್ಟ ದಾಟುತ್ತೆ," ಎಂದೆ.

"ಇಪ್ಪತ್ತಾರು ಷಿಲಿಂಗು ಕೊಡ್ತೀನಿ."

"ನನ್ನದಲ್ವಲ್ಲ."

"ಮತ್ಯಾರದು?"

"ಮುಂದಿನ ವರ್ಷ ಹೇಳ್ತೀನಿ," ಎಂದು ಜೇಬಿಗೆ ಹಾಕಿಕೊಂಡು ಬಂದೆ. ನನ್ನ ಹಿಂದೆ ನಿಂತವರು ಇವನಿಗೆ ತಲೆ ಕೆಟ್ಟಿದೆಯೆಂದುಕೊಂಡರು. ಆಸ್ಟ್ರೇಲಿಯಾ ನೋಡಿ ಬಂದ ನಾಣ್ಯ, ಕಡೆಗೆ ಈ ಎರಡು ಅಡುಗೆಮನೆಗಳನ್ನು ಒಪ್ಪಿಕೊಂಡಿದೆ ನೋಡಿ.

ಇನ್ನೊಂದು ವಿಷಯ. ಇದನ್ನು ಬರೆಯಲು ಮೂರು ಕಾಗದ ಹರಿದೆ. ನನ್ನ ಹೆಂಡತಿ ಮಾರ್ಥಾ ಹೋಗಿ ಒಂಬತ್ತು ವರ್ಷವಾಯಿತು. ಬೆಟ್ಟದ ಈ ಕಡೆ ಒಂದು ಒಲೆ, ಆ ಕಡೆ ಒಂದು ಒಲೆ, ಎರಡರ ಮುಂದೂ ಒಂದೊಂದೇ ಕುರ್ಚಿ. ಅವತ್ತು ನೀವು ಇಲ್ಲಿ ಕೂತು ಆಲೂಗಡ್ಡೆ ಮಾಂಸ ಎರಡನೇ ಸಲ ಬಡಿಸಿಕೊಂಡು ತಿಂದಿರಿ, ನನಗೆ ಅದನ್ನು ನೋಡಿ ಬಹಳ ಸಂತೋಷವಾಯಿತು. ಈ ಜಮೀನಿನಲ್ಲಿ ಇಬ್ಬರಿಗೆ ಸಾಕಾಗುವಷ್ಟಿದೆ. ವೈಟ್‌ಹೇವನ್‌ನಲ್ಲಿ ಹಡಗು ನೋಡುವುದಕ್ಕಿಂತ ಇಲ್ಲಿ ನನ್ನ ಮುಖ ನೋಡುವುದು ಮೇಲೆಂದು ನಿಮಗೆ ಅನ್ನಿಸಿದರೆ ಬರೆಯಿರಿ. ಅನ್ನಿಸದಿದ್ದರೂ ಬರೆಯಿರಿ.

ನಿಮ್ಮ
ಜೋನಸ್


ವಾಸ್ಡೇಲ್ ಹೆಡ್
೮ ಜನವರಿ ೧೯೩೨

ಪ್ರಿಯ ಜೋನಸ್,

ಇಷ್ಟು ದಿನ ಕಾಯಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕಾಗದವನ್ನು ಬೈಬಲಿನಲ್ಲಿಟ್ಟು ಆಗಾಗ ತೆಗೆದು ಓದಿದೆ. ನೀವು ಕೇಳಿದ್ದು ನನಗೆ ಸಂತೋಷವಾಯಿತು. ಈ ವಯಸ್ಸಿನಲ್ಲಿ ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಂತೆ ಎಂದು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಮೊದಲು ಸುದ್ದಿ ಹೇಳುತ್ತೇನೆ. ಹೊಸ ವರ್ಷದ ಮರುದಿನ ಏಜೆಂಟರು ಬಂದರು, ಯಾವಾಗ ಖಾಲಿ ಮಾಡುತ್ತೀರಿ ಎಂದು ಕೇಳಲು. ನಾನಾಗ ಕೊಟ್ಟಿಗೆಯಲ್ಲಿ ಒಂದು ಕುರಿಯ ಕಾಲು ನೋಡುತ್ತಿದ್ದೆ. ತಲೆಯೆತ್ತದೆ, "ನಾನು ಹೋಗ್ತಿಲ್ಲ ಸರ್," ಎಂದೆ.

"ಹಿಂಡು ಯಾರು ನೋಡ್ಕೋತಾರೆ?"

"ಈಗ ಯಾರು ನೋಡ್ಕೋತಿದ್ದಾರೋ ಅವರೇ. ಈ ವರ್ಷ ಈ ಕಣಿವೆಯಲ್ಲಿ ನಾಲ್ಕೂವರೆ ಗಿನಿಗೆ ಟಗರು ಮಾರಿದವರು ಇನ್ಯಾರಾದ್ರೂ ಇದ್ರೆ ಹೇಳಿ, ಅವರಿಗೇ ಬಿಟ್ಕೊಡ್ತೀನಿ."

ಅವರು ಟೋಪಿ ಹಾಕಿಕೊಂಡು, ಚಹಾ ಇದೆಯಾ ಎಂದು ಕೇಳಿದರು. ಗುತ್ತಿಗೆ ನನ್ನ ಹೆಸರಿಗೇ ಆಗುತ್ತದೆ. ಎಸ್ತರಳಿಗೂ ಬರೆದೆ. ಸೆಪ್ಟಿಮಸ್‌ಗೆ ಸಲಾಕೆ ರೈಲಿನಲ್ಲಿ ಕಳಿಸಿದೆ.

ಈಗ ನಿಮ್ಮ ಪ್ರಶ್ನೆ. ಬೇಡ ಜೋನಸ್. ಮನಸ್ಸಿಲ್ಲದೆ ಅಲ್ಲ. ನಾನು ನಿಮ್ಮ ಮನೆಗೆ ಬಂದೆ ಎಂದಿಟ್ಟುಕೊಳ್ಳಿ, ಎರಡು ಹಿಂಡು ಒಂದಾಯಿತು. ಬರುವ ಅಕ್ಟೋಬರಿನಲ್ಲಿ ನೀವು ಟಗರು ಯಾರಿಗೆ ಮಾರುತ್ತೀರಿ? ಒಂದೇ ಮೇಜಿನ ಆ ಕಡೆಯಿಂದ ಈ ಕಡೆಗೆ ನಾಣ್ಯ ತಳ್ಳಿದರೆ ಅದಕ್ಕೇನು ಅರ್ಥ? ಅದು ಬೆಟ್ಟ ದಾಟಬೇಕು, ಅದಕ್ಕೋಸ್ಕರ ನಾವು ದಾಟಬೇಕು. ಹೋದ ವರ್ಷ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಅದೇ. ನನ್ನ ಕೈಯಿಂದ ಒಂದು ಹಿಂಡು ನಡೆಯುತ್ತದೆ ಎಂದು ಗೊತ್ತಾಗಿ ಇನ್ನೂ ಎರಡು ತಿಂಗಳಾಗಿಲ್ಲ. ಅದನ್ನು ಇಷ್ಟು ಬೇಗ ಬಿಟ್ಟುಕೊಡಲಾರೆ.

ಆದರೆ ನನ್ನ ಒಲೆಯ ಮುಂದೆ ಇವತ್ತಿನಿಂದ ಎರಡು ಕುರ್ಚಿ ಇವೆ. ಮೊಣಕಾಲಿಗೆ ನರಿ ಬೇಟೆಯಿಂದ ಪುರುಸೊತ್ತು ಸಿಕ್ಕ ದಿನ ಬನ್ನಿ. ಅದಕ್ಕೆ ಟಗರು ತರಬೇಕೆಂದಿಲ್ಲ.

ನಿಮ್ಮ
ಡೈನಾ

ತಾ.ಕ.: ಅವತ್ತು ನಾಣ್ಯ ನಿಮ್ಮ ಅಂಗೈಯಲ್ಲಿಟ್ಟಾಗ ನೀವು ಅದನ್ನು ಮೂಸಿ ನೋಡಿ ನಕ್ಕಿರಿ. ನನಗದು ಈಗ ಹೊಳೆಯಿತು. ಎರಡು ವರ್ಷಕ್ಕೊಮ್ಮೆ ಅದು ನೇಥನ್‌ನ ಕೈಯಿಂದ ಕೆಮ್ಮಣ್ಣು ಮೆತ್ತಿಕೊಂಡೇ ನಿಮ್ಮ ಹತ್ತಿರ ಬಂದಿರಬೇಕಲ್ಲ? ತಳದವರೆಗೂ ಕಲಕಿ ಎಂದು ಬರೆದಿದ್ದಿರಿ. ಎಲ್ಲಿದೆಯೆಂದು ನಿಮಗೆ ಮೊದಲೇ ಗೊತ್ತಿತ್ತೇ?


ಸೀತ್‌ವೇಟ್
೨೮ ಸೆಪ್ಟೆಂಬರ್ ೧೯೩೨

ಪ್ರಿಯ ಡೈನಾ,

ಮೊನ್ನೆ ನಿಮ್ಮಲ್ಲಿ ಊಟ ಮಾಡಿ ಹೊರಟವನು ಪೈಪನ್ನು ನನ್ನ ಕುರ್ಚಿಯ ಮೇಲೆ ಮರೆತಿದ್ದೇನೆ. ಹೋದ ಸಲ ಟೋಪಿ ಮರೆತಿದ್ದೆ. ಅದು ಅಲ್ಲೇ ಇರಲಿ.

ಈ ವರ್ಷ ಮಾರುವವನು ನಾನು. ಟಗರು ಸಿದ್ಧವಾಗಿದೆ, ಬಿಷಪ್‌ಗಿಂತ ಅಗಲ, ಬುದ್ಧಿ ಮಾತ್ರ ಕಡಿಮೆ. ಅಕ್ಟೋಬರ್ ಹದಿಮೂರಕ್ಕೆ ಹೊಡೆದುಕೊಂಡು ಬರುತ್ತೇನೆ. ಪವನು ಇಪ್ಪತ್ತೊಂಬತ್ತು ಷಿಲಿಂಗಿಗೆ ಏರಿದೆಯಂತೆ, ಕುರಿ ಇನ್ನೂ ಇಳಿದಿದೆ. ಇದೇ ರೀತಿ ಹೋದರೆ ಒಂದು ದಿನ ನಾನು ನಿಮಗೆ ಟಗರು ಮಾರಿ, ಬೆಲೆಗಿಂತ ಹೆಚ್ಚು ಕೈಗುಣ ಕೊಟ್ಟು, ನಷ್ಟ ಹೊತ್ತುಕೊಂಡು ಮನೆಗೆ ಬರಬೇಕಾಗುತ್ತದೆ. ಪರವಾಗಿಲ್ಲ. ಮರು ವರ್ಷ ನಿಮ್ಮ ಸರದಿ.

ಜನವರಿಯ ಕಾಗದದಲ್ಲಿ ಏನೋ ಕೇಳಿದ್ದಿರಿ, ಆಮೇಲೆ ಬಂದಾಗಲೆಲ್ಲ ಕೇಳಿದಿರಿ. ವಯಸ್ಸಾಯಿತು, ನನಗೆ ಯಾವುದೂ ನೆನಪಿರುವುದಿಲ್ಲ.

ನಿಮ್ಮ
ಜೋನಸ್


ವಾಸ್ಡೇಲ್ ಹೆಡ್
೧೬ ಅಕ್ಟೋಬರ್ ೧೯೩೨

ಪ್ರಿಯ ಜೋನಸ್,

ನೀವು ಕ್ಷೇಮವಾಗಿ ತಲುಪಿದ್ದು ಅಂಚೆಯವನಿಂದ ತಿಳಿಯಿತು. ಹೊಸ ಟಗರು ಹೊಂದಿಕೊಂಡಿದೆ. ಬುದ್ಧಿ ಕಡಿಮೆ ಎಂದದ್ದು ನಿಜ, ನಿನ್ನೆಯೆಲ್ಲ ಗೋಡೆಯ ಮೇಲೆ ಕೋಪ ತೀರಿಸಿಕೊಂಡಿತು.

ಇವತ್ತು ಕುರಿಕೊಬ್ಬು ಕರಗಿಸಿ ಹೊಸದಾಗಿ ಕೆಮ್ಮಣ್ಣು ಕಲಸಿದೆ. ನೇಥನ್‌ನ ಹದ ಬಂದಿಲ್ಲ, ಸ್ವಲ್ಪ ತೆಳ್ಳಗಾಗಿದೆ, ಬರುವ ವರ್ಷ ಸರಿಮಾಡುತ್ತೇನೆ. ರಾಣಿಯನ್ನು ಅದೇ ಎಣ್ಣೆಬಟ್ಟೆಯಲ್ಲಿ ಸುತ್ತಿ ಡಬ್ಬದ ತಳಕ್ಕೆ ಒತ್ತಿದ್ದೇನೆ. ಮೇಜುಬಟ್ಟೆಗೆ ಕೆಂಪು ಹತ್ತಿತು. ಹಾಗೇ ಬಿಟ್ಟಿದ್ದೇನೆ.

ನಿಮಗಿಂತ ಮೊದಲು ನಾನು ಹೋದರೆ, ಈ ಹಿಂಡು ಯಾರ ಕೈಗೆ ಬರುತ್ತದೋ ಗೊತ್ತಿಲ್ಲ. ಅವರು ಗಡಿಯಾರ ಬಿಚ್ಚಲಿ, ಹಾಸಿಗೆ ಹರಿಯಲಿ, ಚಪ್ಪಡಿ ಎಬ್ಬಿಸಲಿ. ನೀವು ಬಾಯಿ ಬಿಡಬೇಡಿ. ಟಗರಿಗೆ ಚೆನ್ನಾಗಿ ಬಣ್ಣ ಹಚ್ಚಿಕೊಂಡು ಬನ್ನಿ ಎಂದು ಮಾತ್ರ ಬರೆಯಿರಿ.

ಎಂದೂ ನಿಮ್ಮ
ಡೈನಾ